ಮುಗೀತಾ, ಇಲ್ವಾ? ಡೈಕ್‌ಸ್ಟ್ರಾ ಬದುಕಿನುದ್ದಕ್ಕೂ ಬಂದ ಒಂದು ಪ್ರಶ್ನೆ

ಡೇಟಾ ಸ್ಟ್ರಕ್ಚರ್ಸ್ ಓದಿದ ಯಾರಿಗೇ ಆಗಲಿ ಡೈಕ್‌ಸ್ಟ್ರಾ ಹೆಸರು ಹೊಸದಲ್ಲ. ಪರೀಕ್ಷೆಗೆ ಅವರು ಖಾಯಂ ಗಿರಾಕಿ. ಒಂದು ಗ್ರಾಫ್ ಕೊಟ್ಟು, ಈ ಊರಿಂದ ಆ ಊರಿಗೆ ಹತ್ತಿರದ ದಾರಿ ಹುಡುಕಿ ಅಂತ ಕೇಳ್ತಾರೆ. ನಾವು ಟೇಬಲ್ ಹಾಕಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಮಾರ್ಕ್ಸ್ ತಗೊಂಡು ಮುಂದಿನ ಯೂನಿಟ್‌ಗೆ ಹೋಗ್ತೀವಿ. ಸ್ಪೆಲಿಂಗ್ ನೋಡಿ ‘ಡಿಜ್‌ಕ್‌ಸ್ಟ್ರಾ’ ಅನ್ನೋರು ಪ್ರತಿ ಕ್ಲಾಸಿನಲ್ಲೂ ಒಬ್ಬರಾದ್ರೂ ಸಿಗ್ತಾರೆ. ಡಚ್ ಭಾಷೆಯಲ್ಲಿ ಐ ಮತ್ತು ಜೆ ಅಕ್ಷರಗಳು ಸೇರಿ ಒಂದೇ ಸ್ವರ ಆಗುತ್ತೆ, ಹಾಗಾಗಿ ‘ಡೈಕ್‌ಸ್ಟ್ರಾ’ ಅನ್ನೋದೇ ಹತ್ತಿರದ ಉಚ್ಚಾರ.

ಆದರೆ ಈ ಲೇಖನ ಹತ್ತಿರದ ದಾರಿಯ ಬಗ್ಗೆ ಅಲ್ಲ. ಅವರ ಬದುಕಿನಲ್ಲಿ ಇನ್ನೊಂದು ಪ್ರಶ್ನೆ ಸುಮಾರು ಮೂವತ್ತು ವರ್ಷ ಮತ್ತೆ ಮತ್ತೆ ಎದುರಾಯಿತು. ಒಂದು ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ನಾವು ನಮ್ಮ ಪಾಡಿಗೆ ಮುಂದೆ ಹೋದರೆ, ಆ ಕೆಲಸ ಮುಗೀತು ಅಂತ ನಮಗೆ ಗೊತ್ತಾಗೋದು ಹೇಗೆ? ಪ್ಯಾರಲಲ್ ಕಂಪ್ಯೂಟಿಂಗ್‌ನಲ್ಲಿ ಎಂಪಿಐ ಪ್ರೋಗ್ರಾಂ ಬರೆಯುವವರು ‘ಟೆಸ್ಟ್’, ‘ವೇಟ್’ ಅಂತ ಫಂಕ್ಷನ್ ಕರೆಯುವಾಗ ಕೇಳೋದೂ ಇದನ್ನೇ. ಕೇಳೋಕೆ ಸಣ್ಣ ಪ್ರಶ್ನೆ. ಇದರ ಹಿಂದೆ ಎಷ್ಟು ಯೋಚನೆ ಬೇಕು ಅಂತ ತೋರಿಸಿದವರಲ್ಲಿ ಡೈಕ್‌ಸ್ಟ್ರಾ ಮೊದಲ ಸಾಲಿನವರು.

ವಕೀಲ ಆಗಬೇಕಿದ್ದ ಹುಡುಗ

ಎಡ್ಸ್‌ಗರ್ ವೈಬ್ ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸಿನ ಬಂದರು ನಗರ ರಾಟರ್‌ಡ್ಯಾಮ್‌ನಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅಮ್ಮ ಗಣಿತ ಓದಿದವರು. ನೌಕರಿಗೆ ಹೋಗಲಿಲ್ಲ, ಆದರೆ ಲೆಕ್ಕವನ್ನು ಚೊಕ್ಕವಾಗಿ ಬಿಡಿಸುವ ರುಚಿ ಮಗನಿಗೆ ಹತ್ತಿದ್ದು ಅವರಿಂದಲೇ. ಹುಡುಗನಿಗೆ ಮಾತ್ರ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶದ ಪರವಾಗಿ ಕೂರಬೇಕು ಅನ್ನೋ ಆಸೆ ಇತ್ತು. ಕೊನೆಗೆ ಗಣಿತ, ವಿಜ್ಞಾನದ ಕಡೆಗೇ ತಿರುಗಿ, ಲೈಡನ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಥಿಯರಿಟಿಕಲ್ ಫಿಸಿಕ್ಸ್ ಓದೋಕೆ ಸೇರಿದರು.

1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಮೂರು ವಾರದ ಕೋರ್ಸ್ ಇದೆ ಅನ್ನೋ ಜಾಹೀರಾತು ಅಪ್ಪನ ಕಣ್ಣಿಗೆ ಬಿತ್ತು. ಎಡ್ಸಾಕ್ ಎಂಬ ಕಂಪ್ಯೂಟರ್ ಕಟ್ಟಿದ ಮಾರಿಸ್ ವಿಲ್ಕ್ಸ್ ಅವರ ಲ್ಯಾಬ್ ಅದು. ಫಿಸಿಕ್ಸ್‌ಗೆ ಉಪಯೋಗಕ್ಕೆ ಬರಬಹುದು ಅಂತ ಹೋದ ಹುಡುಗ ವಾಪಸ್ ಬಂದ ಮೇಲೆ, 1952ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮ್ಯಾಥಮೆಟಿಕಲ್ ಸೆಂಟರ್‌ನಲ್ಲಿ ಪಾರ್ಟ್ ಟೈಮ್ ಪ್ರೋಗ್ರಾಮರ್ ಆದರು. ಕರೆದು ಕೆಲಸ ಕೊಟ್ಟವರು ಅಲ್ಲಿನ ಮುಖ್ಯಸ್ಥ ಆಡ್ರಿಯಾನ್ ವಾನ್ ವೈನ್‌ಗಾರ್ಡನ್.

ಅಲ್ಲಿ ಬ್ರಾಮ್ ಲೂಪ್‌ಸ್ಟ್ರಾ ಮತ್ತು ಕಾರೆಲ್ ಸ್ಕೋಲ್ಟನ್ ಎಂಬ ಇಬ್ಬರು ಕಂಪ್ಯೂಟರ್ ಕಟ್ಟುತ್ತಿದ್ದರು. ಸ್ಕೋಲ್ಟನ್ ಹೆಸರು ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ. ಯಂತ್ರ ಏನೇನು ಮಾಡಬೇಕು ಅಂತ ಮೊದಲು ಕಾಗದದ ಮೇಲೆ ಒಪ್ಪಂದ ಆಗೋದು. ಆಮೇಲೆ ಅವರಿಬ್ಬರೂ ಯಂತ್ರ ಕಟ್ಟೋಕೆ ಶುರು ಮಾಡಿದರೆ, ಡೈಕ್‌ಸ್ಟ್ರಾ ಇನ್ನೂ ಹುಟ್ಟದ ಆ ಯಂತ್ರಕ್ಕೆ ಪ್ರೋಗ್ರಾಂ ಬರೆಯೋರು. ರನ್ ಮಾಡಿ ನೋಡೋಣ ಅನ್ನೋ ಅವಕಾಶವೇ ಇಲ್ಲ. ಬರೆದದ್ದು ಸರಿ ಅಂತ ಗೊತ್ತಾಗಬೇಕಾದರೆ ತಲೆಯಲ್ಲೇ ಗೊತ್ತಾಗಬೇಕು. ಈ ಅಭ್ಯಾಸ ಅವರನ್ನು ಕೊನೆತನಕ ಬಿಡಲಿಲ್ಲ.

1956ರಲ್ಲಿ ಆರ್ಮ್ಯಾಕ್ ಎಂಬ ಯಂತ್ರದ ಉದ್ಘಾಟನೆ. ಸಾಮಾನ್ಯ ಜನರಿಗೂ ಅರ್ಥ ಆಗುವಂಥ ಡೆಮೊ ಬೇಕಿತ್ತು. ರಿಯಾ ಡೆಬೆಟ್ಸ್ ಎಂಬ ಹುಡುಗಿಯ ಜೊತೆ ಮದುವೆ ನಿಶ್ಚಯ ಆಗಿತ್ತು. ಇಬ್ಬರೂ ಅಂಗಡಿ ಸುತ್ತಿ ಸುಸ್ತಾಗಿ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ, ಸುಮಾರು ಇಪ್ಪತ್ತು ನಿಮಿಷದಲ್ಲಿ, ಪೆನ್ನು ಪೇಪರ್ ಇಲ್ಲದೆ ಹತ್ತಿರದ ದಾರಿಯ ಅಲ್ಗಾರಿದಂ ಹೊಳೆಯಿತು. ಡೆಮೊದಲ್ಲಿ ನೆದರ್ಲೆಂಡ್ಸಿನ 64 ಊರುಗಳ ನಕ್ಷೆ ಹಾಕಿದರು. 1959ರಲ್ಲಿ ಅದು ಮೂರು ಪುಟದ ಪೇಪರ್ ಆಗಿ ಬಂತು. ಮಧ್ಯೆ 1957ರಲ್ಲಿ ಮದುವೆ. ರಿಜಿಸ್ಟರ್‌ನಲ್ಲಿ ಉದ್ಯೋಗ ಪ್ರೋಗ್ರಾಮರ್ ಅಂತ ಬರೆಸಲು ಹೋದರೆ, ಅಂಥ ಉದ್ಯೋಗವೇ ಇಲ್ಲ ಅಂದುಬಿಟ್ಟರು ನಗರದ ಅಧಿಕಾರಿಗಳು. ಕೊನೆಗೆ ಥಿಯರಿಟಿಕಲ್ ಫಿಸಿಸಿಸ್ಟ್ ಅಂತ ಬರೆಸಬೇಕಾಯಿತು.

ಹಾಲು ಮತ್ತು ಕುಕ್ಕರ್

ಈಗ ನಮ್ಮ ಪ್ರಶ್ನೆಗೆ ಬರೋಣ. ಆಗಿನ ಕಂಪ್ಯೂಟರ್ ಉತ್ತರ ಹೇಳುತ್ತಿದ್ದದ್ದು ಟೈಪ್‌ರೈಟರ್ ಮೂಲಕ. ಟೈಪ್‌ರೈಟರ್ ಒಂದು ಅಕ್ಷರ ಕುಟ್ಟಿ ಮುಗಿಸುವ ಹೊತ್ತಿಗೆ ಕಂಪ್ಯೂಟರ್ ನೂರಾರು ಲೆಕ್ಕ ಮಾಡಬಹುದಿತ್ತು. ಆದರೆ ಹಿಂದಿನ ಅಕ್ಷರ ಮುಗಿಯದೆ ಮುಂದಿನದು ಕಳಿಸುವ ಹಾಗಿಲ್ಲ. ಏನು ಮಾಡೋದು?

ಅಡುಗೆಮನೆಯಲ್ಲಿ ಇದಕ್ಕೆ ಮೂರು ಉತ್ತರ ಇವೆ. ಒಂದು, ಒಲೆ ಮೇಲೆ ಹಾಲಿಟ್ಟು, ಉಕ್ಕೋವರೆಗೂ ಅದರ ಮುಂದೆಯೇ ನಿಂತಿರೋದು. ಹಾಲು ಹಾಳಾಗಲ್ಲ, ಆದರೆ ಬೇರೆ ಕೆಲಸ ಏನೂ ಆಗಲ್ಲ. ಎರಡು, ತರಕಾರಿ ಹೆಚ್ಚುತ್ತಾ ಆಗಾಗ ಎದ್ದು ಹೋಗಿ ಇಣುಕಿ ನೋಡೋದು. ಕೆಲಸ ಸಾಗುತ್ತೆ, ಆದರೆ ಎಷ್ಟು ಸಲ ಇಣುಕಬೇಕು ಅನ್ನೋದೇ ತಲೆನೋವು. ಜಾಸ್ತಿ ಇಣುಕಿದರೆ ತರಕಾರಿ ಮುಗಿಯಲ್ಲ, ಕಡಿಮೆ ಇಣುಕಿದರೆ ಹಾಲು ಉಕ್ಕುತ್ತೆ. ಮೂರು, ಕುಕ್ಕರ್ ಇಟ್ಟು ಮರೆತುಬಿಡೋದು. ಆದಾಗ ಅದೇ ವಿಶಲ್ ಹೊಡೆಯುತ್ತೆ.

ನಿಂತು ಕಾಯೋದಕ್ಕೆ ವೇಟ್, ಇಣುಕೋದಕ್ಕೆ ಪೋಲಿಂಗ್, ವಿಶಲ್‌ಗೆ ಇಂಟರಪ್ಟ್ ಅಂತ ನಾವೀಗ ಓದ್ತೀವಿ. ಎಲೆಕ್ಟ್ರೊಲಾಜಿಕಾ ಎಕ್ಸ್1 ಎಂಬ ಹೊಸ ಯಂತ್ರಕ್ಕೆ ಈ ವಿಶಲ್ ಹಾಕೋಣ ಅಂತ ಸೂಚಿಸಿದವರು ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್. ಕೇಳಿ ಡೈಕ್‌ಸ್ಟ್ರಾ ಖುಷಿಪಡಲಿಲ್ಲ, ಹೆದರಿಬಿಟ್ಟರು.

ಆ ಹೆದರಿಕೆಗೆ ಗಟ್ಟಿ ಕಾರಣ ಇತ್ತು. ಅಲ್ಲಿಯವರೆಗೆ ಕಂಪ್ಯೂಟರ್ ಅಂದರೆ ಒಂದೇ ಇನ್‌ಪುಟ್‌ಗೆ ಪ್ರತಿ ಸಲವೂ ಒಂದೇ ಥರ ನಡೆಯುವ ಯಂತ್ರ. ತಪ್ಪಿದ್ದರೆ ಇನ್ನೊಮ್ಮೆ ಓಡಿಸಿದಾಗಲೂ ಅದೇ ಜಾಗದಲ್ಲಿ ತಪ್ಪುತ್ತೆ, ಹಿಡಿಯಬಹುದು. ವಿಶಲ್ ಬಂತು ಅಂದರೆ ಆ ಭರವಸೆ ಹೋಯಿತು. ಯಾವ ಎರಡು ಇನ್‌ಸ್ಟ್ರಕ್ಷನ್ ಮಧ್ಯೆ ಅದು ಹೊಡೆಯುತ್ತೋ ಯಾರಿಗೂ ಗೊತ್ತಿಲ್ಲ. ಸಾವಿರ ಸಲ ಸರಿಯಾಗಿ ಓಡಿದ ಪ್ರೋಗ್ರಾಂ ಸಾವಿರದ ಒಂದನೇ ಸಲ ಕೈ ಕೊಡಬಹುದು, ಮತ್ತೆ ಓಡಿಸಿದರೆ ಏನೂ ಆಗದವರ ಹಾಗೆ ಸುಮ್ಮನಿರಬಹುದು. ಡೆಮೊ ದಿನವೇ ಕೈ ಕೊಡುವ ಮಿನಿ ಪ್ರಾಜೆಕ್ಟ್ ನೋಡಿದವರಿಗೆ ಈ ಭಯ ವಿವರಿಸಬೇಕಾಗಿಲ್ಲ.

ಗೆಳೆಯರಿಬ್ಬರೂ ಪುಸಲಾಯಿಸಿ ಒಪ್ಪಿಸಿದರು. ಒಪ್ಪಿದ ಮೇಲೆ ಡೈಕ್‌ಸ್ಟ್ರಾ ಅದನ್ನು ಪೂರ್ತಿ ಮೈಮೇಲೆ ಹಾಕಿಕೊಂಡರು. ಇಂಟರಪ್ಟ್ ಯಾವ ಕ್ಷಣದಲ್ಲಿ ಬಂದರೂ ಮುಖ್ಯ ಪ್ರೋಗ್ರಾಂಗೆ ಒಂದಿಷ್ಟೂ ಧಕ್ಕೆ ಆಗದ ಹಾಗೆ ಬರೆಯೋದು ಹೇಗೆ ಅನ್ನೋದು, ಟೆಸ್ಟ್ ಮಾಡಿ ಸಾಬೀತು ಮಾಡೋಕೆ ಆಗದ ಪ್ರಶ್ನೆ. ಬರೆಯುವಾಗಲೇ ತರ್ಕದಿಂದ ಸಾಬೀತಾಗಬೇಕು. 1959ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ ಪಿಎಚ್‌ಡಿ ಪ್ರಬಂಧದ ವಿಷಯವೇ ಕಂಪ್ಯೂಟರ್ ಜೊತೆಗಿನ ಸಂವಹನ. ಮರುವರ್ಷ ಯಾಪ್ ಝೋನೆವೆಲ್ಡ್ ಜೊತೆ ಸೇರಿ ಎಕ್ಸ್1ಗೆ ಆಲ್ಗಾಲ್ 60 ಕಂಪೈಲರ್ ಬರೆದರು. ಆ ಭಾಷೆಯ ಮೊಟ್ಟಮೊದಲ ಕಂಪೈಲರ್‌ಗಳಲ್ಲಿ ಅದೂ ಒಂದು.

ರೈಲ್ವೆ ಸಿಗ್ನಲ್‌ನಿಂದ ಸೆಮಾಫೋರ್

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಗಣಿತದ ಪ್ರೊಫೆಸರ್ ಆಗಿ ಹೋದರು. ಅಲ್ಲಿ ಎಲೆಕ್ಟ್ರೊಲಾಜಿಕಾ ಎಕ್ಸ್8 ಯಂತ್ರಕ್ಕೆ ಸಣ್ಣ ತಂಡದೊಂದಿಗೆ ಕಟ್ಟಿದ ಆಪರೇಟಿಂಗ್ ಸಿಸ್ಟಂಗೆ ಆ ವಿಶ್ವವಿದ್ಯಾಲಯದ ಡಚ್ ಹೆಸರಿನ ಮೊದಲಕ್ಷರಗಳಿಂದ ಟಿಎಚ್‌ಇ ಅಂತ ಹೆಸರು ಬಂತು. ಅದರ ಕೋರ್ ಮೆಮೊರಿ 27 ಬಿಟ್‌ನ 32 ಸಾವಿರ ಚಿಲ್ಲರೆ ವರ್ಡ್ ಅಷ್ಟೇ. ನಮ್ಮ ಫೋನಿನಲ್ಲಿರೋ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯಲ್ಲ.

ಕುಕ್ಕರ್ ವಿಶಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ವಿಶಲ್ ಹೊಡೆದರೆ? ಆಮೇಲೆ ಬಂದವರು ವಿಶಲ್‌ಗೆ ಕಾಯುತ್ತಾ ಕೂತರೆ ಅನ್ನ ಸೀದೇ ಹೋಗುತ್ತೆ. ಮುಗೀತು ಅನ್ನೋ ಸುದ್ದಿ, ಕೇಳೋರು ತಯಾರಾಗುವ ಮೊದಲೇ ಬಂದುಬಿಟ್ಟರೆ ಅದು ಕಳೆದುಹೋಗಬಾರದು. ಇದಕ್ಕೆ ಡೈಕ್‌ಸ್ಟ್ರಾ ಕೊಟ್ಟದ್ದು ಸೆಮಾಫೋರ್. ರೈಲ್ವೆಯ ಕೈಮರದ ಹೆಸರಿಟ್ಟ ಇದು ಬರೀ ಒಂದು ಎಣಿಕೆ, ಅದರ ಮೇಲೆ ಎರಡೇ ಕ್ರಿಯೆ. ವಿ ಅಂದರೆ ಏರಿಸು, ಡಚ್‌ನ ‘ವರ್‌ಹೋಗನ್’. ಪಿ ಅಂದರೆ ಇಳಿಸೋಕೆ ಪ್ರಯತ್ನಿಸು. ಅದಕ್ಕೆ ‘ಪ್ರೊಲಾಗ್’ ಅಂತ ಪದವನ್ನೇ ಹೊಸದಾಗಿ ಕಟ್ಟಿದರು. ಕೆಲಸ ಮುಗಿಸಿದವರು ವಿ ಮಾಡ್ತಾರೆ, ಮುಗಿದದ್ದು ಬೇಕಾದವರು ಪಿ ಮಾಡ್ತಾರೆ. ವಿ ಮೊದಲೇ ಆಗಿದ್ದರೆ ಎಣಿಕೆಯಲ್ಲಿ ಉಳಿದಿರುತ್ತೆ, ಪಿ ನಿಲ್ಲದೆ ದಾಟುತ್ತೆ. ಆಗಿಲ್ಲದಿದ್ದರೆ ಪಿ ಮಾಡಿದ ಪ್ರೊಸೆಸ್ ಮಲಗುತ್ತೆ, ಸಿಪಿಯು ಬೇರೆಯವರ ಕೆಲಸ ನೋಡುತ್ತೆ. ಯಾರು ಮೊದಲು, ಯಾರು ಆಮೇಲೆ ಅನ್ನೋದರ ಮೇಲೆ ಉತ್ತರ ನಿಂತಿಲ್ಲ. ಗಮನಿಸಬೇಕಾದ್ದು ಇದೇ.

ಟಿಎಚ್‌ಇ ಬಗ್ಗೆ 1968ರಲ್ಲಿ ಬಂದ ಪೇಪರ್‌ನಲ್ಲಿ ಡೈಕ್‌ಸ್ಟ್ರಾ ಒಂದು ಲೆಕ್ಕ ಕೊಟ್ಟಿದ್ದಾರೆ. ಟೆಸ್ಟಿಂಗ್‌ನಲ್ಲಿ ಸಿಕ್ಕಿದ್ದು ಬರೀ ಚಿಲ್ಲರೆ ಕೋಡಿಂಗ್ ತಪ್ಪುಗಳು, ಸುಮಾರು 500 ಇನ್‌ಸ್ಟ್ರಕ್ಷನ್‌ಗೆ ಒಂದು. ಪ್ರತಿಯೊಂದನ್ನೂ ಹತ್ತು ನಿಮಿಷದೊಳಗೆ ಹಿಡಿದರಂತೆ. ಇಂಟರಪ್ಟ್ ಕಂಡು ಹೆದರಿದ ಮನುಷ್ಯ ಹತ್ತು ವರ್ಷದ ನಂತರ ಆ ಭಯಕ್ಕೆ ಕೊಟ್ಟ ಉತ್ತರ ಅದು.

ಅದೇ ವರ್ಷ ಗೋಟು ಸ್ಟೇಟ್‌ಮೆಂಟ್ ವಿರುದ್ಧ ಬರೆದ ಪತ್ರ ಜಗತ್ಪ್ರಸಿದ್ಧವಾಯಿತು. ಎಲ್ಲರ ಬಾಯಲ್ಲಿರೋ ಆ ಶೀರ್ಷಿಕೆ ಕೊಟ್ಟವರು ಮಾತ್ರ ಸಂಪಾದಕರಾಗಿದ್ದ ನಿಕ್ಲಾಸ್ ವಿರ್ತ್. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಟೆಸ್ಟಿಂಗ್‌ನಿಂದ ತಪ್ಪು ಇದೆ ಅಂತ ತೋರಿಸಬಹುದೇ ಹೊರತು ತಪ್ಪು ಇಲ್ಲ ಅಂತ ತೋರಿಸೋಕೆ ಆಗಲ್ಲ ಅನ್ನೋ ವಾದವನ್ನು ಅವರು ಹೋದಲ್ಲೆಲ್ಲ ಮುಂದಿಟ್ಟರು.

ಎಲ್ಲರದೂ ಮುಗೀತಾ?

1973ರಲ್ಲಿ ಬರೋಸ್ ಕಂಪನಿಯ ರಿಸರ್ಚ್ ಫೆಲೋ ಆದ ಮೇಲೆ ಡೈಕ್‌ಸ್ಟ್ರಾ ಹೆಚ್ಚಾಗಿ ಕೆಲಸ ಮಾಡಿದ್ದು ನ್ಯೂನೆನ್ ಎಂಬ ಊರಿನ ತಮ್ಮ ಮನೆಯಿಂದಲೇ. ವಾರಕ್ಕೊಮ್ಮೆ, ಮಂಗಳವಾರ ಮಧ್ಯಾಹ್ನ, ಐಂಡ್‌ಹೋವನ್‌ನಲ್ಲಿ ಗೆಳೆಯರ ಜೊತೆ ಚರ್ಚೆ. ಫೌಂಟನ್ ಪೆನ್ನಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದು, ಇಡಬ್ಲ್ಯುಡಿ ಅಂತ ತಮ್ಮ ಇನಿಶಿಯಲ್ಸ್ ಜೊತೆ ನಂಬರ್ ಹಾಕಿ, ಜೆರಾಕ್ಸ್ ಮಾಡಿಸಿ ಗೆಳೆಯರಿಗೆ ಅಂಚೆಯಲ್ಲಿ ಕಳಿಸೋರು. ಹಾಗೆ ಬರೆದದ್ದು 1300ಕ್ಕೂ ಹೆಚ್ಚು.

ಅಷ್ಟು ಹೊತ್ತಿಗೆ ಪ್ರಶ್ನೆಯೂ ಬೆಳೆದಿತ್ತು. ಈಗ ಒಂದು ಕಂಪ್ಯೂಟರ್, ಒಂದು ಟೈಪ್‌ರೈಟರ್ ಅಲ್ಲ. ಹತ್ತಾರು ಕಂಪ್ಯೂಟರ್‌ಗಳು ಒಂದಕ್ಕೊಂದು ಮೆಸೇಜ್ ಕಳಿಸಿಕೊಂಡು ಕೆಲಸ ಹಂಚಿಕೊಳ್ಳುತ್ತವೆ. ಒಟ್ಟು ಕೆಲಸ ಮುಗೀತು ಅಂತ ಯಾರಿಗೆ, ಹೇಗೆ ಗೊತ್ತಾಗುತ್ತೆ?

ಕಾಲೇಜ್ ಫೆಸ್ಟ್ ನೆನೆಸಿಕೊಳ್ಳಿ. ಕನ್ವೀನರ್ ಪ್ರತಿಯೊಬ್ಬರಿಗೂ ಫೋನ್ ಮಾಡಿ ಫ್ರೀ ಇದ್ದೀಯಾ ಅಂತ ಕೇಳ್ತಾ ಹೋಗ್ತಾರೆ. ಸ್ಟೇಜ್ ನೋಡಿಕೊಳ್ಳುವವನು ಫ್ರೀ ಅಂದ. ಆಮೇಲೆ, ಇನ್ನೂ ಕೆಲಸದಲ್ಲಿದ್ದ ಸೌಂಡ್‌ನವಳು ಅವನಿಗೆ ಹೊಸ ಕೆಲಸ ಹೇಳಿ ತಾನು ಫ್ರೀ ಆದಳು. ಅವಳಿಗೆ ಫೋನ್ ಹೋದಾಗ ಅವಳೂ ಫ್ರೀ ಅಂದಳು. ಎಲ್ಲರೂ ನಿಜವನ್ನೇ ಹೇಳಿದರು, ಆದರೂ ಕೆಲಸ ಮುಗಿದಿಲ್ಲ. ಇನ್ನೂ ಕೆಟ್ಟದ್ದು ಅಂದರೆ, ಇಬ್ಬರೂ ಫ್ರೀ, ಆದರೆ ಕೆಲಸ ಹೇಳಿದ ವಾಟ್ಸಾಪ್ ಮೆಸೇಜ್ ಇನ್ನೂ ಸಿಂಗಲ್ ಟಿಕ್‌ನಲ್ಲೇ ಇದೆ.

1980ರಲ್ಲಿ ಡೈಕ್‌ಸ್ಟ್ರಾ ಇದಕ್ಕೊಂದು ಉತ್ತರ ಪ್ರಕಟಿಸಿದರು. ಜೊತೆಗಿದ್ದವರು ಯಾರು ಗೊತ್ತಾ? ಅದೇ ಕಾರೆಲ್ ಸ್ಕೋಲ್ಟನ್, ಇಂಟರಪ್ಟ್ ಹಾಕೋಣ ಅಂದವರಲ್ಲಿ ಒಬ್ಬರು. ಇಲ್ಲಿ ಕೆಲಸ ಒಬ್ಬರಿಂದ ಶುರುವಾಗಿ ಹರಡುತ್ತೆ. ಪ್ರತಿ ಮೆಸೇಜ್‌ಗೂ ಒಂದು ಉತ್ತರ ವಾಪಸ್ ಹೋಗಲೇಬೇಕು. ಆದರೆ ಖಾಲಿ ಕೂತಿದ್ದ ನನ್ನನ್ನು ಮೊದಲು ಕೆಲಸಕ್ಕೆ ಎಳೆದವರಿಗೆ ನಾನು ತಕ್ಷಣ ಉತ್ತರ ಕೊಡಲ್ಲ, ಹಿಡಿದಿಟ್ಟುಕೊಳ್ತೀನಿ. ನನ್ನ ಕೆಲಸ ಮುಗಿದು, ನಾನು ಕಳಿಸಿದ ಎಲ್ಲಾ ಮೆಸೇಜ್‌ಗೂ ಉತ್ತರ ಬಂದ ಮೇಲಷ್ಟೇ ಅವರಿಗೆ ಕೊಡ್ತೀನಿ. ಮಧ್ಯೆ ಬೇರೆಯವರಿಂದ ಬಂದ ಮೆಸೇಜ್‌ಗಳಿಗೆ ಕೂಡಲೇ ಉತ್ತರ. ಹೀಗೆ ಕೆಲಸ ಹರಡುತ್ತಾ ಒಂದು ಮರ ಬೆಳೆಯುತ್ತೆ, ಮುಗಿಯುತ್ತಾ ತುದಿಯಿಂದ ಬುಡಕ್ಕೆ ಕರಗುತ್ತೆ. ಬುಡದಲ್ಲಿರೋರ ಕೆಲಸ ಮುಗಿದು, ಅವರ ಬಾಕಿ ಸೊನ್ನೆ ಆದಾಗ ಎಲ್ಲರದೂ ಮುಗಿದಿದೆ. ಇದಕ್ಕೆ ತಗಲುವ ಖರ್ಚು ಒಂದು ಮೆಸೇಜ್‌ಗೆ ಒಂದು ಉತ್ತರ, ಅಷ್ಟೇ.

1983ರಲ್ಲಿ ಫೈಯನ್ ಮತ್ತು ವಾನ್ ಗಾಸ್ಟರೆನ್ ಜೊತೆ ಇನ್ನೊಂದು ದಾರಿ ತೋರಿಸಿದರು. ಯಂತ್ರಗಳನ್ನು ಉಂಗುರದ ಹಾಗೆ ಜೋಡಿಸಿ ಒಂದು ಟೋಕನ್ ಸುತ್ತಿಸೋದು. ತನ್ನ ಕೆಲಸ ಮುಗಿದವರು ಮಾತ್ರ ಟೋಕನ್ ಮುಂದೆ ಕಳಿಸಬೇಕು. ಟೋಕನ್ ಆಗಲೇ ದಾಟಿಹೋಗಿರಬಹುದಾದವರಿಗೆ ಕೆಲಸ ಹೇಳಿದ ಯಂತ್ರ ತನಗೆ ತಾನೇ ಕಪ್ಪು ಬಳಿದುಕೊಳ್ಳುತ್ತೆ, ಟೋಕನ್ ಬಂದಾಗ ಅದಕ್ಕೂ ಕಪ್ಪು ಬಳಿಯುತ್ತೆ. ಟೋಕನ್ ಕಪ್ಪಾಗಿ ವಾಪಸ್ ಬಂದರೆ ಆ ಸುತ್ತು ಲೆಕ್ಕಕ್ಕಿಲ್ಲ, ಇನ್ನೊಂದು ಸುತ್ತು ಕಳಿಸಬೇಕು. ಸೌಂಡ್‌ನವಳು ಆಮೇಲೆ ಕೆಲಸ ಹೇಳಿದ ಸಮಸ್ಯೆ ಇಲ್ಲಿ ತೀರಿತು. ಆದರೆ ಮೆಸೇಜ್ ಕಳಿಸಿದ ಕ್ಷಣವೇ ತಲುಪುತ್ತೆ ಅಂತ ಅಲ್ಲಿ ಊಹೆ ಇತ್ತು, ಸಿಂಗಲ್ ಟಿಕ್ ಸಮಸ್ಯೆ ಹಾಗೇ ಉಳಿಯಿತು. ಅದಕ್ಕೆ ಪರಿಹಾರ ಕೊಟ್ಟವರು ಶ್ಮುವೆಲ್ ಸಫ್ರಾ. ಪ್ರತಿ ಯಂತ್ರವೂ ಕಳಿಸಿದ್ದೆಷ್ಟು, ಪಡೆದದ್ದೆಷ್ಟು ಅಂತ ವ್ಯತ್ಯಾಸ ಇಟ್ಟುಕೊಳ್ಳಬೇಕು, ಟೋಕನ್ ಅದನ್ನೆಲ್ಲ ಕೂಡಿಸುತ್ತಾ ಬರಬೇಕು, ಕೊನೆಗೆ ಮೊತ್ತ ಸೊನ್ನೆ ಆಗಿರಬೇಕು. ಅಂದರೆ ದಾರಿಯಲ್ಲಿ ಯಾವ ಮೆಸೇಜೂ ಇಲ್ಲ. ಕಪ್ಪು ಬಳಿಯುವ ನಿಯಮವೂ ಸ್ವಲ್ಪ ಬದಲಾಗಿ, ಮೆಸೇಜ್ ಪಡೆದವರು ಕಪ್ಪಾಗಬೇಕು. 1987ರ ಇಡಬ್ಲ್ಯುಡಿ 998ರಲ್ಲಿ ಡೈಕ್‌ಸ್ಟ್ರಾ ಇದನ್ನು ಹಂತಹಂತವಾಗಿ ಬಿಡಿಸಿ ಬರೆದರು, ಶೀರ್ಷಿಕೆಯಲ್ಲೇ ಸಫ್ರಾ ಹೆಸರು ಹಾಕಿ.

ಕೊನೆಯ ವರ್ಷಗಳು

1984ರಲ್ಲಿ ಅವರು ಅಮೆರಿಕದ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋಗಿದ್ದರು. ಇದೇ ಥರದ ಪ್ರಶ್ನೆಗಳ ಮೇಲೆ ಕೆಲಸ ಮಾಡುತ್ತಿದ್ದ ಜಯದೇವ್ ಮಿಶ್ರಾ ಅಲ್ಲಿ ಸಹೋದ್ಯೋಗಿ. ರಜೆಯಲ್ಲಿ ಹೆಂಡತಿ ಜೊತೆ ಸುತ್ತೋಕೆ ಒಂದು ಫೋಕ್ಸ್‌ವ್ಯಾಗನ್ ವ್ಯಾನ್ ಇತ್ತು, ಅದಕ್ಕೆ ಟೂರಿಂಗ್ ಮಷೀನ್ ಅಂತ ಹೆಸರು. ಥಿಯರಿ ಆಫ್ ಕಂಪ್ಯೂಟೇಶನ್ ಓದಿದವರಿಗೆ ಜೋಕ್ ಅರ್ಥ ಆಗಿರುತ್ತೆ. 1999ರಲ್ಲಿ ನಿವೃತ್ತರಾದರು. ಕ್ಯಾನ್ಸರ್‌ನಿಂದ 2002ರ ಆಗಸ್ಟ್ 6ರಂದು ನ್ಯೂನೆನ್‌ನ ಮನೆಯಲ್ಲಿ ತೀರಿಕೊಂಡರು. ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್‌ನ ಒಂದು ದೊಡ್ಡ ಪ್ರಶಸ್ತಿ ಅದೇ ವರ್ಷ ಅವರ 1974ರ ಪೇಪರ್‌ಗೆ ಸಿಕ್ಕಿತ್ತು. ಮರುವರ್ಷದಿಂದ ಆ ಪ್ರಶಸ್ತಿಗೇ ಡೈಕ್‌ಸ್ಟ್ರಾ ಹೆಸರಿಟ್ಟರು.

ನಮ್ಮ ಲ್ಯಾಬಿಗೆ ಬಂದರೆ

ಎಂಪಿಐ ಮೊದಲ ಆವೃತ್ತಿ ಬಂದದ್ದು 1994ರಲ್ಲಿ. ಅದನ್ನು ಡೈಕ್‌ಸ್ಟ್ರಾ ಮಾಡಿದ್ದಲ್ಲ. ಆದರೆ ಅವರ ಬದುಕು ಗೊತ್ತಿದ್ದರೆ ಅದನ್ನು ಓದುವ ಕಣ್ಣೇ ಬೇರೆ ಆಗುತ್ತೆ. ಐಸೆಂಡ್ ಕರೆದರೆ ಮೆಸೇಜ್ ಹೋಗುವ ತನಕ ಕಾಯದೆ ಫಂಕ್ಷನ್ ವಾಪಸ್ ಬರುತ್ತೆ, ಕೈಗೆ ರಿಕ್ವೆಸ್ಟ್ ಅನ್ನೋ ಚೀಟಿ ಕೊಡುತ್ತೆ. ಆ ಚೀಟಿ ಹಿಡಿದು ವೇಟ್ ಕರೆದರೆ ಹಾಲಿನ ಮುಂದೆ ನಿಂತ ಹಾಗೆ. ಟೆಸ್ಟ್ ಕರೆದರೆ ಇಣುಕಿದ ಹಾಗೆ. ಮುಗೀತಾ ಇಲ್ವಾ ಅಂತ ಒಂದು ಫ್ಲ್ಯಾಗ್ ಬರುತ್ತೆ, ಇಲ್ಲ ಅಂದರೆ ನಮ್ಮ ಲೆಕ್ಕ ಮುಂದುವರಿಸಬಹುದು. ಎರಡರಲ್ಲಿ ಒಂದು ಮುಗೀತು ಅನ್ನೋ ತನಕ ಆ ಬಫರ್ ಮೇಲೆ ಬರೆಯೋ ಹಾಗಿಲ್ಲ.

ಇಲ್ಲೇ ಜಾರೋದು. ಐಸೆಂಡ್‌ನ ಚೀಟಿಗೆ ಟೆಸ್ಟ್ ‘ಮುಗೀತು’ ಅಂದರೆ ಅರ್ಥ ಇಷ್ಟೇ: ಬಫರ್ ಈಗ ನಿಮ್ಮದು, ಬೇಕಾದ್ದು ಬರೆದುಕೊಳ್ಳಿ. ಆ ಕಡೆಯವರಿಗೆ ತಲುಪಿತು ಅಂತ ಅಲ್ಲ. ಮೆಸೇಜ್ ಇನ್ನೂ ಎಲ್ಲೋ ಮಧ್ಯದ ಬಫರ್‌ನಲ್ಲಿ ಕೂತಿರಬಹುದು. ಆ ಕಡೆ ರಿಸೀವ್ ಶುರುವಾಗಿದೆ ಅನ್ನೋ ಖಾತರಿ ಬೇಕಾದರೆ ಸಿಂಕ್ರೊನಸ್ ಬಗೆಯ ಇಸ್ಸೆಂಡ್ ಬಳಸಬೇಕು. ಐರಿಸೀವ್‌ನ ಚೀಟಿ ಮುಗೀತು ಅಂದರೆ ಡೇಟಾ ನಿಜಕ್ಕೂ ಕೈಗೆ ಬಂದಿದೆ. ಇನ್ನು ಎಲ್ಲಾ ಪ್ರೊಸೆಸ್‌ಗಳ ಒಟ್ಟು ಕೆಲಸ ಮುಗೀತಾ ಅನ್ನೋದಕ್ಕೆ, ಯಾರು ಯಾರಿಗೆ ಎಷ್ಟು ಕಳಿಸ್ತಾರೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ, ಒಬ್ಬರ ಚೀಟಿಗಳನ್ನೆಲ್ಲ ಪರೀಕ್ಷಿಸಿದರೂ ಉತ್ತರ ಸಿಗಲ್ಲ. ಅಲ್ಲಿ ಸ್ಕೋಲ್ಟನ್ ಜೊತೆಗಿನ ಮರವೋ ಸಫ್ರಾನ ಎಣಿಕೆಯೋ, ಅಂಥದ್ದೇ ಏನಾದರೂ ಬೇಕು.

ಒಂದೇ ‘ಮುಗೀತು’ ಪದಕ್ಕೆ ಹೀಗೆ ಮೂರು ನಾಲ್ಕು ಅರ್ಥ ಇವೆ. ಮಧ್ಯೆ ಒಂದು ಸ್ಲೀಪ್ ಹಾಕಿ ಅಷ್ಟೊತ್ತಿಗೆ ಬಂದಿರುತ್ತೆ ಬಿಡು ಅನ್ನೋದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿರೋ ನಾಟಿ ಔಷಧಿ. ನಾಲ್ಕು ಪ್ರೊಸೆಸ್ ಇರೋ ಲ್ಯಾಪ್‌ಟಾಪ್‌ನಲ್ಲಿ ಅದು ಕೆಲಸವನ್ನೂ ಮಾಡುತ್ತೆ. ಅದೇ ಪ್ರೋಗ್ರಾಂ ನಾನೂರು ಪ್ರೊಸೆಸ್‌ಗೆ ಹೋದಾಗ, ಪ್ರೋಗ್ರಾಂ ನಿಲ್ಲದೆ, ಎರರ್ ಕೊಡದೆ, ತಪ್ಪು ಉತ್ತರವನ್ನೇ ಪ್ರಿಂಟ್ ಮಾಡಿದರೆ ಯಾರಿಗೆ ಗೊತ್ತಾಗಬೇಕು? ಆ ಉತ್ತರ ನಂಬಿಕೊಂಡು ಯಾರೋ ಸೇತುವೆಯನ್ನೋ ಹವಾಮಾನವನ್ನೋ ಲೆಕ್ಕ ಹಾಕಿರಬಹುದು. ಎಕ್ಸ್1 ಮುಂದೆ ಡೈಕ್‌ಸ್ಟ್ರಾ ಹೆದರಿದ್ದು ಇಂಥದ್ದಕ್ಕೇ. ಹೆದರಿ ಅವರು ಓಡಿಹೋಗಲಿಲ್ಲ, ಹೇಗೆ ಬರೆದರೆ ಹೆದರಬೇಕಾಗಿಲ್ಲ ಅಂತ ಕೂತು ಕಂಡುಹಿಡಿದರು. ಮುಂದಿನ ಸಲ ಸ್ಕ್ರೀನ್ ಮೇಲೆ ಫ್ಲ್ಯಾಗ್ ಒಂದು ಅಂತ ಬಂದಾಗ ಒಂದು ನಿಮಿಷ ನಿಂತು ಕೇಳೋಣ: ಮುಗಿದಿದ್ದು ಯಾವುದು, ಯಾರ ಪಾಲಿಗೆ?